ಮೇಸ್ತ್ರಿಯ ಮೆತ್ತನೆ ಬೆಲ್ಟು

ಅವಳು ಬರುತ್ತಾಳೆಂದು ಗೊತ್ತಾದ ದಿನ ಆ ಮರದ ಕಾರ್ಖಾನೆ ನೆಂಟರಿಗೆ ಕಾಯುವ ಮನೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ನೆಲದಲ್ಲಿ ಒಂದು ಚಿಟಿಕೆ ಮರದ ಹೊಟ್ಟು ಇರುತ್ತಿರಲಿಲ್ಲ. ಕ್ರೇನಿನ ಕೊಕ್ಕೆಗೆ ಎಣ್ಣೆ, ಸರಪಳಿಗೆ ಬ್ರಶ್ಶು, ಭಾರ ಎತ್ತುವ ಬೆಲ್ಟುಗಳೆಲ್ಲ ತಲೆ ಬಾಚಿಸಿಕೊಂಡ ಮಕ್ಕಳ ಹಾಗೆ ಗೋಡೆಯ ಗೂಟಗಳಲ್ಲಿ ಸಾಲಾಗಿ. ಮಾಲೀಕ ಬಾಗಿಲಲ್ಲೇ ನಿಂತು, "ಬನ್ನಿ ಮೇಡಂ, ಮೊದ್ಲು ಟೀ ಕುಡಿದುಬಿಡಿ" ಎಂದು ಹಲ್ಲು ಕಿರಿಯುತ್ತಿದ್ದ. ಅಷ್ಟು ಸಾಕು, ಅವಳಿಗೆ ಮೈಯೆಲ್ಲ ಉರಿ. ತಾನು ಬೆನ್ನು ತಿರುಗಿಸಿದ ಮೇಲೆ ಇಲ್ಲಿ ಏನೇನು ನಡೆಯುತ್ತದೆ ಎಂದು ಅವಳಿಗೇನು ಗೊತ್ತಿಲ್ಲವೇ!

ಅವಳ ಕೆಲಸ ತಪಾಸಣೆ. ಆ ಕಾರ್ಖಾನೆಯಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಬಸ್ಸಿಗಿಂತ ಉದ್ದದ ತೊಲೆಗಳನ್ನೂ ಇಡೀ ಇಡೀ ಗೋಡೆಗಳನ್ನೂ ಮಾಡುತ್ತಿದ್ದರು. ಅವನ್ನು ಕಟ್ಟಡದ ಜಾಗಕ್ಕೆ ಒಯ್ದು ಕ್ರೇನಿನಲ್ಲಿ ಎತ್ತಿ ಕೂರಿಸುತ್ತಿದ್ದರು. ಕ್ರೇನಿನ ಕೊಕ್ಕೆಗೂ ಮರಕ್ಕೂ ನಡುವೆ ಏನೇನಿದೆಯೋ, ಬೆಲ್ಟು, ಸರಪಳಿ, ಕಬ್ಬಿಣದ ಬಳೆ, ಬೋಲ್ಟು, ಅದೆಲ್ಲ ಅವಳ ಕಣ್ಣಿನ ಕೆಳಗೆ ಹಾದುಹೋಗಬೇಕು. ಪಾಸಾದದ್ದಕ್ಕೆ, ಸಲಕ್ಕೊಂದು ಬಣ್ಣದಂತೆ, ಪಟ್ಟಿ ಸುತ್ತುತ್ತಾಳೆ. ಫೇಲಾದದ್ದನ್ನು ಎಲ್ಲರ ಎದುರಿಗೇ ಚಾಕು ತೆಗೆದು ಎರಡು ತುಂಡು ಮಾಡುತ್ತಾಳೆ. ಯಾಕೆ ತುಂಡು ಮಾಡಬೇಕು, ಬದಿಗಿಟ್ಟರೆ ಸಾಲದೇ ಎಂದು ಕೇಳುವವರು ಈ ಜನರನ್ನು ನೋಡಿಲ್ಲ. ಬದಿಗಿಟ್ಟದ್ದು ಸಂಜೆಯೊಳಗೆ ಮತ್ತೆ ಕೊಕ್ಕೆಗೆ ಏರಿರುತ್ತದೆ.

ಅವಳು ಚಾಕು ತೆಗೆದಾಗಿನ ಗೋಳು ಕೇಳಬೇಕು! "ಮೇಡಂ, ಒಂದೇ ಒಂದು ದಾರ ಎದ್ದಿದೆ, ಕತ್ತರೀಲಿ ನೀಟಾಗಿ ತೆಗೆದುಬಿಡ್ತೀವಿ." "ಮೇಡಂ, ಅದು ಗಂಟಲ್ಲ, ಉದ್ದ ಜಾಸ್ತಿಯಾಯ್ತು ಅಂತ ಸ್ವಲ್ಪ ಕಟ್ಟಿದ್ವಿ." "ಮೇಡಂ, ಇದು ನಿಮಗೆ ತೋರಿಸೋಕೆ ಇಟ್ಟಿದ್ದಲ್ಲ." ಒಬ್ಬನಂತೂ ಮಳೆಗೆ ನೆನೆಯದಿರಲಿ ಎಂದು ಪ್ಲಾಸ್ಟಿಕ್ ಸುತ್ತಿದ್ದ ಗೋಡೆಗೆ ಹಾಗೇ ಬೆಲ್ಟು ಹಾಕಿ, ಅದು ಸೋಪಿನ ಹಾಗೆ ಜಾರಿ ಅಂಗಳದಲ್ಲಿ ಮಲಗಿದ ಮೇಲೆ, ಪ್ಲಾಸ್ಟಿಕ್ ಹರಿಯಿತಲ್ಲಾ ಎಂದು ಪೇಚಾಡಿದ್ದ. ಏನು ಕಂಡರೂ ಬೇಡ ಬೇಡ ಎನ್ನುತ್ತಾಳೆಂದು ಅವಳಿಗೆ ಬೇಡಮ್ಮ ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವಳ ನಿದ್ದೆ ಕೆಡಿಸಿದ್ದು ಇವರ್ಯಾರೂ ಅಲ್ಲ. ಭಾವ.

ಆ ಕಾರ್ಖಾನೆಯಲ್ಲಿ ಭಾರ ಎತ್ತುವವರ ಮೇಸ್ತ್ರಿ ಅವಳ ಸ್ವಂತ ಅಕ್ಕನ ಗಂಡ. ಅಕ್ಕನ ಮದುವೆಯಾದಾಗ ಇವಳಿನ್ನೂ ಎರಡು ಜಡೆಯ ಹುಡುಗಿ, ಅಪ್ಪ ಇರಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಭಾವ, ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವರು ಭಾವ, "ಮೆಷೀನು ಬಿಚ್ಚೋ ಕೈ ಕಣೇ ಇದು, ಓದ್ಲಿ ಬಿಡು" ಎಂದು ಅಕ್ಕನ ಬಾಯಿ ಮುಚ್ಚಿಸಿ ಓದಿಸಿದವರೂ ಭಾವ. ಅಂಥ ಮನುಷ್ಯನಿಗೆ ಒಂದು ಕೆಟ್ಟ ಚಾಳಿ. ಎತ್ತಿದ ತೊಲೆ ಗಾಳಿಯಲ್ಲಿ ಹೋಗುವಾಗ ಅದರ ಅಡಿಯಲ್ಲೇ, ಮರಕ್ಕೆ ಅಂಗೈ ಕೊಟ್ಟುಕೊಂಡು, ಹಸುವನ್ನು ಮನೆಗೆ ಹೊಡೆದುಕೊಂಡು ಬರುವವರ ಹಾಗೆ ನಡೆಯುತ್ತಿದ್ದರು. ಹಗ್ಗ ಕಟ್ಟಿ ದೂರದಿಂದ ಹಿಡಿಯಿರಿ ಎಂದರೆ, "ಹಗ್ಗಕ್ಕೇನು ಗೊತ್ತಾಗುತ್ತೆ ಪುಟ್ಟಿ? ಕೈಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಯಾವತ್ತೋ ಒಂದು ದಿನ ಫೋನು ಬರುತ್ತದೆ, ಆ ಕಡೆ ಅಕ್ಕ ಇರುತ್ತಾಳೆ, ಮಾತು ಹೊರಡುತ್ತಿರುವುದಿಲ್ಲ. ಈ ಹೆದರಿಕೆ ಅವಳನ್ನು ಬಿಡುತ್ತಲೇ ಇರಲಿಲ್ಲ. ಕೆಲಸದ ಹೊತ್ತಿನಲ್ಲಿ ಅಕ್ಕ ಸುಮ್ಮನೆ ಫೋನು ಮಾಡಿದರೂ ಅವಳು ಹಲೋ ಕೂಡ ಎನ್ನದೆ, 'ಭಾವ ಎಲ್ಲಿ?' ಎಂದೇ ಕೇಳುತ್ತಿದ್ದಳು.

ಆ ಸಲದ ತಪಾಸಣೆಯಲ್ಲಿ ಒಂದೂ ಬೆಲ್ಟು ಫೇಲಾಗಲಿಲ್ಲ. ಎಲ್ಲ ಹೊಸವು, ಹೊಲಿಗೆ ಭದ್ರ, ಎಷ್ಟು ಭಾರ ಎತ್ತಬಹುದೆಂದು ಬರೆದ ಚೀಟಿಯೂ ಭದ್ರ. ಅವಳಿಗೆ ಸಂತೋಷವಾಗಬೇಕಿತ್ತು. ಅನುಮಾನವಾಯಿತು.

"ಭಾವ, ಇಷ್ಟೇನಾ?"

"ಇಷ್ಟೇ ಪುಟ್ಟಿ."

"ಬೇರೆ ಎಲ್ಲೂ ಇಟ್ಟಿಲ್ಲ ತಾನೇ?"

"ನಿನ್ನಾಣೆ."

"ನನ್ನ ಮೇಲೆ ಯಾಕೆ ಆಣೆ ಹಾಕ್ತೀರಿ? ನಾನಿನ್ನೂ ಬದುಕಿ ಬಾಳಬೇಕು."

ಪಕ್ಕದಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ಹಿಂದಿನ ವಾರ ಅಕ್ಕ ಮನೆಯವರ ಫೋನಿನ ಗುಂಪಿಗೆ ಹೆಮ್ಮೆಯಿಂದ ಒಂದು ಫೋಟೋ ಕಳಿಸಿದ್ದಳು. ಭಾವ ತೊಲೆಯ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ, ತೊಲೆಗೆ ಹಾಕಿದ ಬೆಲ್ಟು ನೆಲ ಒರೆಸುವ ಬಟ್ಟೆಯ ಬಣ್ಣಕ್ಕೆ ತಿರುಗಿದೆ. ಫೋನು ತೆಗೆದು ತೋರಿಸಿದಳು. ಭಾವ ಕನ್ನಡಕ ಹಣೆಗೇರಿಸಿ ನೋಡಿ, "ಅದು ಬಿಸಿಲಿಗೆ ಹಾಗೆ ಕಾಣುತ್ತೆ" ಎಂದರು. ಇಂಥ ಕಣ್ಣಿಗೆ ಮಣ್ಣೆರಚುವ ಮಾತನ್ನು ಅಷ್ಟು ಪ್ರೀತಿಯಿಂದ ಹೇಳುವವರಿಗೆ ಏನು ಮಾಡಬೇಕು ಹೇಳಿ!

ಹಳೆ ಬೆಲ್ಟಿನ ಮೋಹಕ್ಕೆ ಕಾರಣ ಇಲ್ಲದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಹೊಸ ಬೆಲ್ಟು ಬಿರುಸು. ಮೆದು ಮರದ ಅಂಚಿಗೆ ಬಿಗಿದರೆ ಬರೆ ಬೀಳುತ್ತದೆ. ಅಂಚಿಗೆ ಮೆತ್ತೆ ಕೊಟ್ಟರೂ ಒಮ್ಮೊಮ್ಮೆ ಸಣ್ಣ ಗುರುತು ಉಳಿಯುತ್ತದೆ. ಆ ತೊಲೆಗಳೋ, ಬಣ್ಣ ಬಳಿಯದೆ ಹಾಗೇ ಬಿಡುವಂಥವು. ಕಟ್ಟಡದ ನಕ್ಷೆ ಮಾಡಿದಾತ ಬಂದು ಒಂದೊಂದು ಗುರುತಿನ ಮೇಲೂ ಬೆರಳಿಟ್ಟು, "ಇದೇನು ಮೇಸ್ತ್ರಿ, ಇದೇನು?" ಎಂದು ರಾಗ ಎಳೆಯುತ್ತಿದ್ದ. ಹಳೆ ಬೆಲ್ಟು ಮಗುವಿನ ಕೆನ್ನೆಯಷ್ಟು ಮೆತ್ತಗೆ, ಗುರುತೇ ಬೀಳದು. ಆದರೆ ಅದು ಮೆತ್ತಗಾಗಿರುವುದೇ ಅದರ ಎಳೆಗಳು ಬಿಸಿಲಿಗೆ ಸತ್ತಿರುವುದರಿಂದ ಎಂದು ಅವಳು ಬಾಯಿ ಬಡಿದುಕೊಂಡದ್ದೇ ಬಂತು.

ತಪಾಸಣೆ ಮುಗಿಸಿ ಅವಳು ಸೀದಾ ಊರಿಗೆ ಹೋಗಬೇಕಿತ್ತು. ಅಕ್ಕ, "ಇಷ್ಟು ದೂರ ಬಂದು ಊಟ ಮಾಡ್ದೆ ಹೋಗ್ತೀಯಾ?" ಎಂದು ಫೋನಿನಲ್ಲೇ ಮುಖ ಊದಿಸಿದ್ದರಿಂದ ಅಕ್ಕನ ಮನೆಗೆ ಹೋದಳು. ನಡುಮನೆಯ ಬಾಗಿಲಲ್ಲಿ ಅಕ್ಕನ ಮೊಮ್ಮಗಳು ಉಯ್ಯಾಲೆ ಆಡುತ್ತಿದ್ದಳು. ಬಾಗಿಲ ಮೇಲಿನ ಕಬ್ಬಿಣದ ಸರಳಿಗೆ ಅಗಲವಾದ ಪಟ್ಟಿ ಕಟ್ಟಿತ್ತು, ಮೇಲೆ ದಿಂಬು. ಅವಳು ಚೀಲ ಇಳಿಸಿ, "ನನ್ನ ಬಂಗಾರ" ಎಂದು ಮಗುವಿನ ಕೆನ್ನೆ ಹಿಂಡಿ, ಉಯ್ಯಾಲೆ ತಳ್ಳಲು ಪಟ್ಟಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಹೊಲಿಗೆ ಸವೆದಿದೆ, ಚೀಟಿ ಕಿತ್ತುಹೋಗಿದೆ, ಬಣ್ಣ ನೆಲ ಒರೆಸುವ ಬಟ್ಟೆಯದು.

"ಇದನ್ನ ಯಾರು ಕಟ್ಟಿದ್ದು ಪುಟಾಣಿ?"

"ತಾತ. ನೀನು ತಾತನ ಫ್ಯಾಕ್ಟರಿಗೆ ಬಂದಾಗ ಮಾತ್ರ ಕಟ್ತಾರೆ. ನೀನು ಹೋದ್ಮೇಲೆ ಬಿಚ್ಕೊಂಡು ಹೋಗ್ತಾರೆ." ಮಗು ಅವಳ ಕತ್ತಿಗೆ ಜೋತುಬಿತ್ತು. "ಚಿಕ್ಕಜ್ಜಿ, ನೀನು ದಿನಾ ಬಾ."

ಅವಳಿಗೆ ನೆತ್ತಿಗೆ ಏರಿತು. ಮಗುವನ್ನು ಇಳಿಸಿದಳು, ದಿಂಬು ತೆಗೆದಿಟ್ಟಳು, ಚಾಕು ತೆಗೆದು ಉಯ್ಯಾಲೆಯನ್ನು ನಡುಮಧ್ಯೆ ಕತ್ತರಿಸಿಬಿಟ್ಟಳು.

ಮಗುವಿನ ಕಿರುಚಾಟಕ್ಕೆ ಅಕ್ಕ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. "ಏನೇ ಇದು? ಮಗು ಆಡೋ ಉಯ್ಯಾಲೆಗೆ ಚಾಕು ಹಾಕ್ತಾರೇನೇ ಯಾರಾದ್ರೂ?"

"ಇದು ಉಯ್ಯಾಲೆ ಅಲ್ಲ ಅಕ್ಕ! ನಿನ್ನ ಗಂಡ ನನ್ನಿಂದ ಬಚ್ಚಿಟ್ಟಿರೋ ಬೆಲ್ಟು. ನಾಳೆ ಇದರಲ್ಲೇ ತೊಲೆ ಎತ್ತಿ ಅದರ ಕೆಳಗೆ ನಿಲ್ತಾರೆ, ಗೊತ್ತಾ?"

"ನಿನ್ನ ಇನ್‌ಸ್ಪೆಕ್ಟರ್‌ಗಿರಿ ಫ್ಯಾಕ್ಟರಿ ಬಾಗಿಲ ಹೊರಗೆ ಬಿಟ್ಟು ಬಾ. ಇದು ಮನೆ."

ಅಷ್ಟರಲ್ಲಿ ಭಾವ ಬಂದರು. ಎರಡು ತುಂಡನ್ನೂ ಕೈಗೆತ್ತಿಕೊಂಡು, ಸತ್ತ ಹಕ್ಕಿಯನ್ನು ನೋಡುವಂತೆ ನೋಡಿದರು. ಅವರು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬೈಯಲಿಲ್ಲ. "ಅನ್ಯಾಯ ಮಾಡಿದೆ ಪುಟ್ಟಿ. ಒಂದು ದಿನಕ್ಕೂ ಕೈ ಕೊಟ್ಟದ್ದಲ್ಲ ಇದು. ನಾಳೆ ಮೆಷೀನಿಗೆ ಹಾಕಿ ಎಳೆದು ನೋಡೇಬಿಡೋಣ, ಬಾ" ಎಂದರು. ಅವಳು ಉಣ್ಣದೆ ಎದ್ದುಹೋದಳು. ಅಕ್ಕ ತಡೆಯಲಿಲ್ಲ.

ಮರುದಿನ ಕಾರ್ಖಾನೆಯ ಮೂಲೆಯಲ್ಲಿದ್ದ ಎಳೆದು ನೋಡುವ ಯಂತ್ರದ ಸುತ್ತ ಕೆಲಸ ಬಿಟ್ಟು ಎಲ್ಲರೂ ನೆರೆದರು. ಬೆಲ್ಟಿನ ಉದ್ದನೆ ತುಂಡನ್ನು ಎರಡು ಕಡೆ ಕಚ್ಚಿಸಿ ಎಳೆದರು. ಮುಳ್ಳು ಏರಿತು, ತೊಲೆಯ ಭಾರ ದಾಟಿತು, ಅದರ ಎರಡರಷ್ಟಾಯಿತು. ಅಲ್ಲಿಗೆ ಆ ಯಂತ್ರದ ತಾಕತ್ತೇ ಮುಗಿಯಿತು. ಬೆಲ್ಟು ಹರಿಯಲಿಲ್ಲ. ಹೋ ಎಂದು ಕೂಗು ಎದ್ದಿತು. ಯಾರೋ ಶಿಳ್ಳೆ ಹೊಡೆದ. ಮಾಲೀಕ, "ಪಾಪ, ಒಳ್ಳೆ ಮಾಲು ಹಾಳಾಯ್ತು ಮೇಡಂ" ಎಂದು ಮುಖ ಕಿವುಚಿದ.

"ಹೊಸದು ಏಳು ಪಟ್ಟು ತಡೀಬೇಕು!" ಅವಳ ದನಿ ಕೀರಲಾಯಿತು. "ಇಲ್ಲಿ ನೆಟ್ಟಗೆ ಎಳೆದರೆ ಏನು ಬಂತು? ಅಲ್ಲಿ ಅಂಚಿಗೆ ಉಜ್ಜುತ್ತೆ, ಗಾಳಿಗೆ ತಿರುಗುತ್ತೆ, ಕ್ರೇನು ಜಗ್ಗುತ್ತೆ! ಇವತ್ತು ತಡೆದದ್ದು ನಾಳೆ ತಡೆಯುತ್ತೆ ಅಂತ ಯಾರು ಹೇಳಿದ್ದು?"

ಯಾರಿಗೆ ಬೇಕಾಗಿತ್ತು ಅದು! ಎಲ್ಲರೂ ಭಾವನ ಬೆನ್ನು ತಟ್ಟುತ್ತಿದ್ದರು. ಅವರೂ ಗೆದ್ದ ಖುಷಿಯಲ್ಲಿ ಮೈಮರೆತು, "ಹೋಗ್ಲಿ ಬಿಡ್ರಪ್ಪ, ಪುಣ್ಯಕ್ಕೆ ಇದರ ಜೋಡಿ ಇದೆಯಲ್ಲ" ಎಂದುಬಿಟ್ಟರು.

ಅವಳು ಹಣೆ ಚಚ್ಚಿಕೊಂಡಳು. ಜೋಡಿ! ತೊಲೆ ಎತ್ತಲು ಆ ತುದಿಗೊಂದು ಈ ತುದಿಗೊಂದು ಬೆಲ್ಟು ಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು, ಒಂದು ಹಳೆ ಬೆಲ್ಟು ಸಿಕ್ಕರೆ ಇನ್ನೊಂದು ಎಲ್ಲೋ ಇರಲೇಬೇಕು ಎಂಬುದು ತನಗೆ ಹೊಳೆಯಲಿಲ್ಲವಲ್ಲ! "ಎಲ್ಲಿದೆ ಭಾವ?" ಎಂದರೆ ಭಾವ ಆಕಾಶ ನೋಡಿದರು. "ಎಲ್ಲೋ ಇರುತ್ತೆ."

ಅಕ್ಕನ ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ. ಅಕ್ಕ ಬಾಗಿಲು ತೆರೆದಳು, ಆದರೆ ಮಾತು ಬಿಟ್ಟಿದ್ದಳು. ಮಾತಾಡಬೇಕಾದದ್ದನ್ನೆಲ್ಲ ಮೊಮ್ಮಗಳ ಮೂಲಕ ಆಡುತ್ತಿದ್ದಳು. "ನಿಮ್ಮ ಚಿಕ್ಕಜ್ಜಿಗೆ ನೀರು ಬೇಕಾ ಕೇಳು. ನಿಮ್ಮ ಚಿಕ್ಕಜ್ಜಿಗೆ ಈ ಮನೇಲಿ ಇನ್ನೂ ಏನಾದ್ರೂ ಕತ್ತರಿಸೋದಿದ್ಯಾ ಕೇಳು."

"ಅಕ್ಕ, ಸಾಕು ಮಾಡು. ಇನ್ನೊಂದು ಬೆಲ್ಟು ಎಲ್ಲಿದೆ ಹೇಳು."

"ತಾತ ಏನೂ ಆಗಲ್ಲ ಅಂದಿದಾರೆ ಅಂತ ಹೇಳು. ಎಲ್ಲರ ಎದುರಿಗೂ ಎಳೆದು ನೋಡಿದ್ರಂತೆ, ಹರೀಲಿಲ್ವಂತೆ ಅಂತ ಹೇಳು."

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಷ್ಟು ನಂಬಿಕೆ ಇದ್ರೆ ನೀನೇ ಹೋಗಿ ಅದರ ಕೆಳಗೆ ನಿಲ್ಲು ಹೋಗು! ನಂಗೆ ಬೆಲ್ಟು ಕಟ್ಕೊಂಡು ಏನಾಗಬೇಕಾಗಿದೆ? ನಂಗೆ ಭಾವ ಬೇಕು ಕಣೇ. ನಂಗೆ ಇರೋದು ಅವರೊಬ್ಬರೇ ಅಪ್ಪ!" ಎಂದು ಕೂಗಿ, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟಾಗಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಆ ವಾರ ಒಂದು ಈಜುಕೊಳದ ಚಾವಣಿಯ ಕೊನೆಯ ತೊಲೆ ಏರಬೇಕಿತ್ತು. ಎಲ್ಲಕ್ಕಿಂತ ಉದ್ದದ್ದು. ಗೋಡೆಗಳು ಎದ್ದಿದ್ದವು. ನಡುವೆ ನೀಲಿ ಹೆಂಚು ಹಾಸಿದ ಕೊಳ ಬರಿದಾಗಿ ಬಿದ್ದಿತ್ತು. ತೊಲೆಯನ್ನು ಕೊಳದ ತಳದಲ್ಲೇ ದಿಮ್ಮಿಗಳ ಮೇಲೆ ಮಲಗಿಸಿದ್ದರು. ಎತ್ತುವಾಗ ಮೇಸ್ತ್ರಿ ಆ ಕೊಳದೊಳಗೇ ನಿಲ್ಲುವುದು. ಸುತ್ತ ಗೋಡೆ, ಏನಾದರೂ ಆದರೆ ಓಡಿಹೋಗಲು ಒಂದು ಮೂಲೆಯ ಮೆಟ್ಟಿಲು ಬಿಟ್ಟರೆ ದಾರಿಯೂ ಇಲ್ಲ. ಅವಳು ಬೆಳಿಗ್ಗೆಯೇ ಬಂದು ಬೆಲ್ಟುಗಳನ್ನೆಲ್ಲ ಮುಟ್ಟಿ ನೋಡಿದಳು. ಎಲ್ಲಕ್ಕೂ ಅವಳು ಸುತ್ತಿದ ಬಣ್ಣದ ಪಟ್ಟಿ ಇತ್ತು. ಕ್ರೇನು ನಿಂತ ನೆಲ ಗಟ್ಟಿ ಇದೆಯೇ ನೋಡಿ ಬರೋಣ ಎಂದು ಗೋಡೆಯಾಚೆ ಹೋದಳು. ಹಿಂತಿರುಗುವಷ್ಟರಲ್ಲಿ ಬೆಲ್ಟು ಬಿಗಿದಾಗಿತ್ತು. ಈ ತುದಿಗೆ ಹೊಸದು. ಆ ತುದಿಗೆ, ಜನ ಕತ್ತೆತ್ತಿ ನೋಡುವ ಕಡೆಗೆ, ಗುರುತು ಬೀಳದಿರಲಿ ಎಂದು, ನೆಲ ಒರೆಸುವ ಬಟ್ಟೆಯ ಬಣ್ಣದ್ದು.

"ಭಾವ, ನಿಲ್ಸಿ!"

"ಕಾಲು ಗಂಟೆ ಕಣಮ್ಮ, ಎತ್ತಿ ಇಟ್ಟುಬಿಡ್ತೀನಿ" ಎಂದರು ಭಾವ ಕೊಳದೊಳಗಿಂದ, ಟೀ ಆರಿಸಿಕೊಡುತ್ತೇನೆ ಎನ್ನುವಷ್ಟು ಸಲೀಸಾಗಿ. ಕ್ರೇನಿನವನಿಗೆ ಅವಳು ಎರಡೂ ಕೈ ಬೀಸಿದಳು. ಅವನ ಕಿವಿಗೆ ಮುಚ್ಚಳ, ಕಣ್ಣು ಮೇಸ್ತ್ರಿಯ ಕೈಯ ಮೇಲೆ. ಅವಳು ಕ್ರೇನಿನ ಕಡೆ ಓಡಬೇಕೆಂದು ತಿರುಗಿದಾಗ ಕೊಳದ ಮೆಟ್ಟಿಲ ಮೇಲೆ ಅಕ್ಕ ಕಂಡಳು.

ಅಕ್ಕ ಕೈಚೀಲವನ್ನು ಕಂಕುಳಲ್ಲಿ ಅವಚಿಕೊಂಡು, ಯಾರನ್ನೂ ಕೇಳದೆ, ಒಂದೊಂದೇ ಮೆಟ್ಟಿಲು ಇಳಿದಳು. ಹೆಂಚಿನ ಮೇಲೆ ಟಪಟಪ ನಡೆದುಹೋಗಿ ಗಂಡನ ಪಕ್ಕ ನಿಂತುಕೊಂಡಳು.

ಭಾವನ ಬಾಯಿ ತೆರೆದೇ ಇತ್ತು. "ಏ! ನೀನ್ಯಾಕೆ ಬಂದೆ ಇಲ್ಲಿಗೆ? ತಲೆ ಕೆಟ್ಟಿದ್ಯಾ? ಹತ್ತು ಮೇಲೆ!"

"ಬೆಳಿಗ್ಗೆ ಕಂಬಳಿ ಪೆಟ್ಟಿಗೆಯಿಂದ ಅದನ್ನ ತಗೊಂಡು ಬಂದ್ರಲ್ಲ, ನೋಡಿದೆ. ನಿಮ್ಮ ಹಿಂದೇನೇ ಮುಂದಿನ ಬಸ್ಸು ಹತ್ತಿ ಬಂದೆ. ಎತ್ತಿಸಿ."

"ಹೋಗೇ ಅಂದ್ರೆ!"

"ಯಾಕ್ರೀ? ಏನೂ ಆಗಲ್ಲ ಅಂದ್ರಲ್ಲ."

"ಆಗಲ್ಲ. ಆದ್ರೂ ನೀನು ಹೋಗು."

"ಆಗಲ್ಲ ಅಂದ್ಮೇಲೆ ಎಲ್ಲಿದ್ರೇನು? ನಿಮ್ಮ ಜೊತೆ ಇಷ್ಟು ವರ್ಷ ಬಾಳಿದೀನಿ, ನಿಮ್ಮ ಕೆಲಸ ಒಂದು ದಿನಾನೂ ಪಕ್ಕದಲ್ಲಿ ನಿಂತು ನೋಡಿಲ್ಲ. ಎತ್ತಿಸಿ, ನೋಡ್ತೀನಿ."

ಭಾವ ಕೈ ಎತ್ತಿದರು. ತೊಲೆ ದಿಮ್ಮಿಗಳಿಂದ ಮೇಲೆದ್ದಿತು. ಮೊಣಕಾಲಿನ ಎತ್ತರ, ಸೊಂಟದ ಎತ್ತರ, ತಲೆಯ ಎತ್ತರ. ಅಕ್ಕ ಅಲ್ಲಾಡಲಿಲ್ಲ, ಮೇಲೆ ನೋಡಲೂ ಇಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ತೊಲೆ ಮೆಲ್ಲಗೆ ತಿರುಗಿ ಅಕ್ಕನ ನೆತ್ತಿಯ ಮೇಲೆ ಬರತೊಡಗಿತು. ಭಾವ ಬೆಲ್ಟನ್ನು ನೋಡಿದರು. ಅಕ್ಕನ ಬೈತಲೆಯ ಬಿಳಿ ಕೂದಲನ್ನು ನೋಡಿದರು. ಮತ್ತೆ ಬೆಲ್ಟನ್ನು ನೋಡಿದರು. ಮೇಲಕ್ಕೆ ಎಂದು ತೋರಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಮುಷ್ಟಿ ಬಿಗಿಯಿತು, ನಿಲ್ಲಿಸು ಎಂದು. ಅಕ್ಕನ ರಟ್ಟೆ ಹಿಡಿದು ದರದರ ಆಚೆ ಎಳೆದುಕೊಂಡು ಹೋಗಿ, ಕೈ ಕೆಳಗೆ ಮಾಡಿದರು. ತೊಲೆ ದಿಮ್ಮಿಗಳ ಮೇಲೆ ವಾಪಸ್ಸು ಕೂತಿತು.

ಹಳೆ ಬೆಲ್ಟನ್ನು ಅವರೇ ಬಿಚ್ಚಿದರು. ಯಾರೋ ಸಹಾಯಕ್ಕೆ ಹೋದರೆ ಗದರಿಸಿ ಕಳಿಸಿದರು. ಅದನ್ನು ಸುತ್ತಿ ತಂದು ಅವಳ ಕಾಲ ಬಳಿ ಹಾಕಿ, "ಹೊಸದು ಕೊಡು" ಎಂದರು. ಅವಳು ಕೊಟ್ಟಳು. ಅದಕ್ಕೆ ಮೆತ್ತೆ ಇಟ್ಟು ಬಿಗಿದರು.

ಅಕ್ಕ ಮತ್ತೆ ಹೋಗಿ ಅಲ್ಲೇ ನಿಂತಳು.

"ಅಕ್ಕಾ! ಮೇಲೆ ಬಾರೇ ಈಗ!"

"ಯಾಕೆ? ಈಗ ಹೊಸದು ಹಾಕಿದಾರಲ್ಲ."

"ಹೊಸದಾದ್ರೂ ಭಾರದ ಕೆಳಗೆ ಯಾರೂ ನಿಲ್ಲಬಾರದು ಕಣೇ!"

"ಯಾರೂನಾ?"

"ಯಾರೂ!"

ಅಕ್ಕ ಗಂಡನ ಕಡೆ ತಿರುಗಿದಳು. "ಕೇಳಿಸ್ತೇನ್ರೀ? ನೀವು ಬಂದ್ರೆ ನಾನೂ ಬರ್ತೀನಿ."

ಭಾವ ತೊಲೆಯ ಎರಡೂ ತುದಿಗೆ ಉದ್ದನೆ ಹಗ್ಗ ಕಟ್ಟಿಸಿದರು, ಅಕ್ಕನನ್ನು ಮುಂದೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು, ಕೊಳದ ಅಂಚಿನಾಚೆಯಿಂದ ಕೈ ಮಾಡಿದರು. ತೊಲೆ ಏರಿತು, ಸ್ವಲ್ಪ ತೂಗಾಡಿತು, ಹಗ್ಗದವರು ಬೈದಾಡಿಕೊಂಡು ಎಳೆದರು, ತಡವಾಯಿತು, ಆದರೂ ತನ್ನ ಜಾಗದಲ್ಲಿ ಕೂತಿತು. ನಕ್ಷೆ ಮಾಡಿದಾತ ಕತ್ತೆತ್ತಿ, "ಮೇಸ್ತ್ರಿ, ಅಲ್ಲೊಂದು ಗುರುತು ಬಿದ್ದಿದೆಯಲ್ಲ?" ಎಂದ. "ಬಿದ್ದಿದೆ" ಎಂದರು ಭಾವ. ಆತ ಇನ್ನೇನೋ ಹೇಳುವುದರಲ್ಲಿದ್ದವನು ಅವರ ಮುಖ ನೋಡಿ ನಕ್ಷೆ ಮಡಚಿಕೊಂಡು ಹೊರಟ.

ಕೊಳದ ಮೊದಲ ಮೆಟ್ಟಿಲ ಮೇಲೆ ಭಾವ ಕೂತುಬಿಟ್ಟರು. ಅಕ್ಕ ಕೈಚೀಲದಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಅವರು ಅದನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡರು. ತಂಗಿಯೇ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಕೊಟ್ಟಳು.

"ಅದು ಇವಳ ತಲೆ ಮೇಲೆ ಬಂತಲ್ಲ ಪುಟ್ಟಿ" ಎಂದರು ಭಾವ, ನೀರು ಕುಡಿಯದೆ. "ಇವಳು ಹೋಗೇಬಿಟ್ಳು ಅನ್ನಿಸ್ತು. ಉಸಿರೇ ಆಡ್ಲಿಲ್ಲ ಕಣೇ."

ಅವಳಿಗೆ ಎಲ್ಲಿತ್ತೋ ಅಷ್ಟು ವರ್ಷದ ಸಿಟ್ಟು, ಒಂದೇ ಸಲ ಬಾಯಿಗೆ ಬಂತು. "ಮತ್ತೆ? ನೀವು ನಿಂತಾಗ ನಂಗೂ ಹಾಗೇ ಆಗ್ತಿತ್ತು ಭಾವ! ನೀವು ಕೆಲಸಕ್ಕೆ ಹೋದ ಪ್ರತಿ ದಿನ! ನೀವೇನು ಅಂದ್ಕೊಂಡಿದ್ರಿ, ನಾನು ಬೆಲ್ಟಿಗೋಸ್ಕರ ಅರಚಾಡ್ತಿದೀನಿ ಅಂತಾನಾ?"

ಭಾವ ಬಾಟಲಿ ಹಿಡಿದುಕೊಂಡೇ ಅವಳನ್ನು ನೋಡಿದರು.

"ಇಷ್ಟೊಂದಾ?" ಎಂದರು.

"ಹೂಂ. ಇಷ್ಟೊಂದು" ಎಂದಳು ಅವಳು.